ಅಮ್ಮನ ‘ಅಂಬಾಸಿಡರ್’

“ಇದೇನೋ, ಅಮೆರಿಕಕ್ಕೆ ಬಂದು ಅಂಬಾಸಿಡರ್ ತಗೊಂಡಿದ್ದೀಯ?”

ಡೆಟ್ರಾಯಿಟ್ ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲಿ ನನ್ನ ಕಾರು ನೋಡಿ ಅಮ್ಮ ಆಡಿದ ಮೊದಲ ಮಾತು. ಉಬ್ಬಿದ ಮಡ್‌ಗಾರ್ಡ್, ಎತ್ತರದ ಟಾಪು, ಅಜ್ಜನ ಕಾಲದ ಮೂತಿ. ಅಮ್ಮ ಹೇಳಿದ್ದು ಪೂರ್ತಿ ತಪ್ಪಲ್ಲ. 1930ರ ದಶಕದ ಕಾರುಗಳ ಚಹರೆ ತಂದು ಕ್ರೈಸ್ಲರ್‌ನವರು 2000ದಲ್ಲಿ ಮಾರುಕಟ್ಟೆಗೆ ಬಿಟ್ಟ ಪಿಟಿ ಕ್ರೂಸರ್ ಅದು. ನಾನು 2013ರಲ್ಲಿ ಕೊಂಡಿದ್ದು 2007ರ ಮಾಡೆಲ್, 70 ಸಾವಿರ ಮೈಲಿ ಓಡಿದ್ದು. ಚೆಂದ ನೋಡಿ ಕೊಂಡಿದ್ದಲ್ಲ, ಕೈಯಲ್ಲಿದ್ದ ದುಡ್ಡಿಗೆ ಅದು ಸಿಕ್ಕಿತು ಅಷ್ಟೇ.

ಅಮ್ಮನಿಗೆ ಮಂಡಿನೋವು. ಗೆಳೆಯನ ಸೆಡಾನ್‌ನಲ್ಲಿ ಕೂರುವುದೆಂದರೆ ಗುಂಡಿಗೆ ಇಳಿದಂತೆ, ಏಳಲು ಯಾರಾದರೂ ಕೈ ಹಿಡಿದು ಎಳೆಯಬೇಕು. ದೊಡ್ಡ ಎಸ್‌ಯುವಿಯಾದರೆ ಸೀರೆ ಎತ್ತಿ ಹಿಡಿದು ಹತ್ತಬೇಕು. ಈ ಕಾರಿನ ಸೀಟು ಮಾತ್ರ ಹೆಚ್ಚುಕಡಿಮೆ ಊಟದ ಕುರ್ಚಿಯ ಎತ್ತರ. ಅಡ್ಡಕ್ಕೆ ಕೂತು ಕಾಲು ಒಳಗೆ ಎಳೆದುಕೊಂಡರೆ ಮುಗಿಯಿತು. ಮೂರನೇ ದಿನದಿಂದ ಅಮ್ಮ ನನ್ನ ಕೈಗಾಗಿ ಕಾಯಲೇ ಇಲ್ಲ. ಹಳೇ ಕಾಲದ ಕಾರುಗಳು ಎತ್ತರವಾಗಿದ್ದವು, ಅದನ್ನೇ ನಕಲು ಮಾಡಲು ಹೋಗಿ ಈ ಸುಖವೂ ಜೊತೆಗೆ ಬಂತೇನೋ ಅಂತ ನನಗನ್ನಿಸುತ್ತದೆ.

ಜಾಗದ ವಿಷಯದಲ್ಲೂ ದೂರುವಂತಿಲ್ಲ. ಹಿಂದಿನ ಸೀಟುಗಳನ್ನು ಮಡಚಬಹುದು, ಬೇಕಿದ್ದರೆ ಕಳಚಿ ಮನೆಯಲ್ಲೇ ಇಟ್ಟು ಹೋಗಬಹುದು. ಮುಂದಿನ ಪಕ್ಕದ ಸೀಟನ್ನೂ ಮಡಚಿ, ಆರಡಿ ಮೀರಿದ ಪುಸ್ತಕದ ಕಪಾಟಿನ ಡಬ್ಬಿಯನ್ನು ಬಾಗಿಲು ಮುಚ್ಚಿಕೊಂಡೇ ತಂದಿದ್ದೇನೆ. ಡಿಕ್ಕಿಯ ಹಲಗೆಯನ್ನು ಐದು ರೀತಿ ಕೂರಿಸಬಹುದು. ಅದನ್ನು ಹೊರಗೆ ಚಾಚಿ ಮೇಜು ಮಾಡಿಕೊಂಡು ಡೆಟ್ರಾಯಿಟ್‌ನ ಬೆಲ್ ಐಲ್ ದ್ವೀಪದ ಪಾರ್ಕಿನಲ್ಲಿ ಚಿತ್ರಾನ್ನ ತಿಂದೆವು. ಅಂದಹಾಗೆ, ಅಮೆರಿಕ ಸರ್ಕಾರದ ಮೈಲೇಜ್ ನಿಯಮದ ಲೆಕ್ಕದಲ್ಲಿ ಇದು ಕಾರೇ ಅಲ್ಲ, ಲಘು ಟ್ರಕ್!

ಆದರೆ ಟ್ರಕ್ಕಿನ ಹೊಟ್ಟೆಯೂ ಇದೆ. 2.4 ಲೀಟರ್ ಎಂಜಿನ್, 150 ಅಶ್ವಶಕ್ತಿ, ಆಟೋಮ್ಯಾಟಿಕ್‌ನಲ್ಲಿ ನಾಲ್ಕೇ ಗೇರು. ಊರೊಳಗೆ ನನಗೆ ಗ್ಯಾಲನ್‌ಗೆ 20 ಮೈಲಿ ದಾಟುತ್ತಿರಲಿಲ್ಲ, ನಮ್ಮ ಲೆಕ್ಕದಲ್ಲಿ ಲೀಟರ್‌ಗೆ ಎಂಟೂವರೆ ಕಿಲೋಮೀಟರ್. ಅಷ್ಟು ಕಮ್ಮಿ ಉದ್ದದ ಕಾರು ತಿರುಗಲು ಅಷ್ಟೊಂದು ರಸ್ತೆ ಕೇಳುತ್ತದೆ, ದೊಡ್ಡ ಚಕ್ರ ಹಾಕಿದ ಮಾಡೆಲ್ ಆದರಂತೂ ಇನ್ನೂ ಜಾಸ್ತಿ. ಕಿಟಕಿಯ ಸ್ವಿಚ್ಚು ಬಾಗಿಲಲ್ಲಿಲ್ಲ, ಡ್ಯಾಶ್‌ಬೋರ್ಡಿನ ನಡುವೆ ಇದೆ. ಒಂದು ವಾರ ನಾನು ಸುಮ್ನೆ ಬಾಗಿಲು ತಡವುತ್ತಿದ್ದೆ.

ಇದನ್ನು ರೂಪಿಸಿದ ಬ್ರಯಾನ್ ನೆಸ್ಬಿಟ್ ಆಮೇಲೆ ಜನರಲ್ ಮೋಟರ್ಸ್ ಸೇರಿದರು. ಅಲ್ಲಿಂದ 2006ರ ಮಾಡೆಲ್ ಆಗಿ ಷೆವರ್ಲೆ ಎಚ್‌ಎಚ್‌ಆರ್ ಬಂತು. ಇದರ ತಮ್ಮ ಅನ್ನಬಹುದು. ಎಂಜಿನ್‌ನ ಒಳಭಾಗಗಳನ್ನು ತಾಳ ತಪ್ಪದಂತೆ ತಿರುಗಿಸಲು ಅದರಲ್ಲಿ ಟೈಮಿಂಗ್ ಚೈನ್ ಇದೆ, ಇದರಲ್ಲಿ ಕಾಲಕಾಲಕ್ಕೆ ಬದಲಿಸಬೇಕಾದ ಬೆಲ್ಟ್. ಆದರೆ ಆ ತಮ್ಮನ ಕಿಟಕಿಗಳು ಕಿರಿದು, ಹಿಂದೆ ಏನಿದೆ ಅಂತ ಊಹಿಸಿಯೇ ರಿವರ್ಸ್ ತೆಗೆಯಬೇಕು. ನನಗೆ ಅಣ್ಣನೇ ವಾಸಿ.

ಪಿಟಿ ಕ್ರೂಸರ್ ತಯಾರಿಕೆ 2010ಕ್ಕೇ ನಿಂತಿದೆ, ಹಾಗಾಗಿ ಈಗ ಸಿಗುವುದೆಲ್ಲ ಹಳೇ ಸರಕು. ಟೈಮಿಂಗ್ ಬೆಲ್ಟ್ ಬದಲಿಸಿದ ರಸೀದಿ ಕೇಳಿ. ಇಲ್ಲ ಅಂದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ. ಬಾನೆಟ್ ಎತ್ತಿದರೆ ಬ್ಯಾಟರಿ ಕಾಣಲಿಲ್ಲ ಅಂತ ಗಾಬರಿಯಾಗಬೇಡಿ, ಅದು ಏರ್ ಫಿಲ್ಟರ್ ಡಬ್ಬಿಯ ಕೆಳಗೆ ಅವಿತುಕೊಂಡಿರುತ್ತದೆ. ಮತ್ತೆ, ನೋಡಲು ಹೋಗುವಾಗ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಎರಡು ಸಲ ಹತ್ತಿ ಇಳಿಯಲಿ.