ದುಡ್ಡು ಮೊದಲು, ಪರಿಶೀಲನೆ ಆಮೇಲೆ

ಹಾಸನದಿಂದ ಫೋನ್ ಬಂದಾಗ ಈಗಲೂ ಯಾರಾದರೊಬ್ಬರು ಕೇಳುತ್ತಾರೆ: "ಕೊರೋನಾ ಟೈಮಲ್ಲಿ ಕೆನಡಾದವರು ಮನೇಲಿ ಕೂರಿಸಿ ದುಡ್ಡು ಕೊಟ್ರಂತೆ, ಹೌದಾ?" ಹೌದು, ಕೊಟ್ಟರು. ನಾನೂ ತಗೊಂಡಿದ್ದೇನೆ.

2020ರ ಮಾರ್ಚ್‌ನಲ್ಲಿ ನಾನು ಕೆನಡಾದ ಮಿಸಿಸಾಗಾ ಊರಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದೆ. ಹೋಟೆಲ್ ಬಾಗಿಲು ಹಾಕಿತು, ಮನೆ ಬಾಡಿಗೆ ನಿಲ್ಲಲಿಲ್ಲ. ಏಪ್ರಿಲ್ 6ರಿಂದ ಸರ್ಕಾರದ ತುರ್ತು ನೆರವಿಗೆ ಅರ್ಜಿ ಶುರುವಾಯಿತು. ಇಲ್ಲಿಯವರ ಬಾಯಲ್ಲಿ ಅದು 'ಸರ್ಬ್' (CERB). ನಾಲ್ಕು ವಾರಕ್ಕೆ 2,000 ಡಾಲರ್. 2019ರಲ್ಲೋ ಹಿಂದಿನ 12 ತಿಂಗಳಲ್ಲೋ ಕನಿಷ್ಠ 5,000 ಡಾಲರ್ ದುಡಿದಿರಬೇಕು, ಕೊರೋನಾದಿಂದ ಕೆಲಸ ನಿಂತಿರಬೇಕು. ಎಲ್ಲರೂ ಒಟ್ಟಿಗೆ ನುಗ್ಗಬಾರದು ಅಂತ ಹುಟ್ಟಿದ ತಿಂಗಳ ಮೇಲೆ ವಾರ ಹಂಚಿದ್ದರು. ಏಪ್ರಿಲ್‌ನಿಂದ ಜೂನ್‌ವರೆಗೆ ಹುಟ್ಟಿದವರಿಗೆ ಮಂಗಳವಾರ, ಅದೇ ನನ್ನದು. ತೆರಿಗೆ ಇಲಾಖೆಯ ಸೈಟಲ್ಲಿ ನಾಲ್ಕಾರು ಪ್ರಶ್ನೆ, ಹೇಳಿದ್ದೆಲ್ಲ ನಿಜ ಅಂತ ಒಂದು ಒಪ್ಪಿಗೆ, ಅಷ್ಟೇ. ಸಂಬಳದ ಚೀಟಿ ಕೂಡ ಕೇಳಲಿಲ್ಲ. ಆ ವಾರವೇ ಖಾತೆಗೆ ದುಡ್ಡು ಬಂತು. ನಾನಾಗ ವರ್ಕ್ ಪರ್ಮಿಟ್ ಮೇಲಿದ್ದವನು, ಈ ದೇಶದ ಪ್ರಜೆಯಲ್ಲ. ಆದರೂ ಕೊಟ್ಟರು. ಆ ಋಣ ನನಗಿದೆ.

ಹಾಗಂತ ಅದು ಪುಕ್ಕಟೆ ದುಡ್ಡಲ್ಲ. ಮರುವರ್ಷ ಆದಾಯಕ್ಕೆ ಸೇರಿಸಿ ತೆರಿಗೆ ಕಟ್ಟಬೇಕಾಯಿತು. ಅರ್ಹತೆ ಇಲ್ಲದೆ ತಗೊಂಡವರಿಗೆ ವಾಪಸ್ ಕಟ್ಟಿ ಅಂತ ಕಾಗದ ಬಂತು.

ಹಾಸನದಲ್ಲಿ ನಮ್ಮ ಭಾವ ಆಟೋ ಓಡಿಸುತ್ತಾರೆ. 2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಆಟೋ, ಟ್ಯಾಕ್ಸಿ ಚಾಲಕರು, ಕ್ಷೌರಿಕರು, ಅಗಸರಿಗೆ ಒಂದು ಸಲಕ್ಕೆ 5,000 ರೂಪಾಯಿ. ರಾಜ್ಯ ಸರ್ಕಾರದ ಸೇವಾ ಸಿಂಧು ಸೈಟಲ್ಲಿ ಅರ್ಜಿ ಹಾಕಬೇಕಿತ್ತು. ಅಕ್ಕನ ಮಗಳು ಮೊಬೈಲಲ್ಲಿ ತುಂಬುತ್ತಿದ್ದಳು, ನಾನು ಇಲ್ಲಿ ರಾತ್ರಿ ವಿಡಿಯೋ ಕಾಲಲ್ಲಿ ಕೂತಿದ್ದೆ. ಭಾವನ ಡಿಎಲ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. "ಯಾವುದನ್ನ ಹಾಕ್ಲಿ ಮಾಮ?" ಅಂತ ಅವಳು ಕೇಳುತ್ತಿದ್ದರೆ ಭಾವ ಪಕ್ಕದಲ್ಲಿ ಆರ್‌ಸಿ ಹಿಡಿದು ನಿಂತಿದ್ದರು. ಕೊನೆಗೂ ದುಡ್ಡು ಬಂತು. ಆಟೋ ಸಾಲದ ಕಂತನ್ನು ಆಗಸ್ಟ್‌ವರೆಗೆ ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು ನಿಜ, ಆದರೆ ಬಡ್ಡಿ ಬೆಳೆಯುತ್ತಲೇ ಇತ್ತು.

ಅವರ ಬೀದಿಯ ಕಟಿಂಗ್ ಶಾಪಿನಲ್ಲಿ ಕೂಲಿಗಿದ್ದ ಹುಡುಗನಿಗೆ ಏನೂ ಬರಲಿಲ್ಲ. ಇದೇ ನನ್ನ ಕಸುಬು ಅಂತ ತೋರಿಸಲು ಅವನ ಹತ್ತಿರ ಒಂದು ಕಾಗದವೂ ಇರಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಇಲ್ಲಿ ಸಣ್ಣ ಅಂಗಡಿಗಳಿಗೆ 40,000 ಡಾಲರ್ ಬಡ್ಡಿ ಇಲ್ಲದ ಸಾಲ ಕೊಟ್ಟರು, ಗಡುವಿನೊಳಗೆ ತೀರಿಸಿದರೆ 10,000 ಮನ್ನಾ. ಆದರೆ ಮೊದಲಿಗೆ ಅದು ಸಂಬಳದ ಪಟ್ಟಿ ಇದ್ದವರಿಗೆ ಮಾತ್ರ. ಗಂಡ ಹೆಂಡತಿ ಇಬ್ಬರೇ ಸಂಬಳವಿಲ್ಲದೆ ದುಡಿಯುವ ಅಂಗಡಿಗಳು ಹೊರಗುಳಿದವು. ಆಮೇಲೆ ನಿಯಮ ಸಡಿಲಿಸಿದರು.

ನನ್ನ ಪ್ರಕಾರ ಕಷ್ಟಕಾಲದಲ್ಲಿ ಮೊದಲು ಕೊಟ್ಟು ಆಮೇಲೆ ಪರಿಶೀಲಿಸುವುದೇ ಸರಿ. ನಮ್ಮಲ್ಲೂ ಪಟ್ಟಿ ಇದ್ದ ಕಡೆ ಹಾಗೇ ಆಯಿತಲ್ವಾ? ಅಕ್ಕನ ಜನ್ ಧನ್ ಖಾತೆಗೆ ಮೂರು ತಿಂಗಳು 500 ರೂಪಾಯಿ ಅರ್ಜಿಯೇ ಇಲ್ಲದೆ ಬಂತು. ರೇಷನ್ ಕಾರ್ಡಿನಲ್ಲಿ ಹೆಸರಿದ್ದವರಿಗೆ ತಲಾ 5 ಕೆಜಿ ಧಾನ್ಯ ಬಂತು. ಕಟಿಂಗ್ ಶಾಪಿನ ಹುಡುಗ ಕೂಲಿಯವನಾಗಿ ಯಾವ ಪಟ್ಟಿಯಲ್ಲೂ ಇರಲಿಲ್ಲ.

2021ರ ಆಗಸ್ಟ್‌ನಲ್ಲಿ ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಸರ್ಕಾರದ ಇ-ಶ್ರಮ್ ನೋಂದಣಿ ಶುರುವಾಯಿತು. ಕಾರ್ಡ್ ಮಾಡಿಸಿದ ಕೂಡಲೇ ದುಡ್ಡೇನೂ ಬರುವುದಿಲ್ಲ, ಆದರೆ ಯಾರು ಏನು ಕೆಲಸ ಮಾಡುತ್ತಾರೆ ಅನ್ನೋದು ಸರ್ಕಾರಕ್ಕೆ ಗೊತ್ತಿರುತ್ತದೆ. ಭಾವ ಮಾಡಿಸಿಕೊಂಡಿದ್ದಾರೆ. ಆ ಹುಡುಗನದ್ದೂ ಮಾಡಿಸಿಕೊಡು ಅಂತ ಅಕ್ಕನ ಮಗಳಿಗೆ ಹೇಳಿದ್ದೇನೆ.