‘ಮೋಸ’ ಅಂತ ಹನ್ನೊಂದು ಸಲ ಬರೆದಿದ್ದೆ

ಗಾಂಧಿನಗರದ ಲಾಯರ್ ಆಫೀಸಿಗೆ ಜೂನಿಯರ್ ಆಗಿ ಸೇರಿ ನಾಲ್ಕು ತಿಂಗಳಾಗಿತ್ತು. ವಿಜಯನಗರದ ಕಡೆಯ ಗಂಡ ಹೆಂಡತಿ ಬಂದರು. 15 ಲಕ್ಷ ಕೊಟ್ಟು ಲೀಸಿಗೆ ಮನೆ ಹಿಡಿದಿದ್ದಾರೆ; ಎಂಟು ತಿಂಗಳಿಗೆ ಬ್ಯಾಂಕಿನವರು ಬಂದು ಗೋಡೆಗೆ ನೋಟಿಸ್ ಅಂಟಿಸಿದ್ದಾರೆ. ಮನೆ ಮೊದಲೇ ಅಡಮಾನದಲ್ಲಿತ್ತಂತೆ.

ಮಾಲೀಕನಿಗೆ ಲೀಗಲ್ ನೋಟಿಸ್ ನೀನೇ ಬರಿ ಅಂದರು ಸೀನಿಯರ್. ಮೋಸ, ವಂಚನೆ, ನಂಬಿಕೆದ್ರೋಹ ಅಂತ ಆವೇಶದಲ್ಲಿ ಎರಡು ಪುಟ ತುಂಬಿಸಿದೆ. ಅವರು ‘ಮೋಸ’ ಕಂಡಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಹನ್ನೊಂದು ಇತ್ತು.

“ಇದು ಬೈಗುಳ ಕಣಯ್ಯ, ನೋಟಿಸ್ ಅಲ್ಲ. ಮಾಲೀಕ ಹೇಳಿದ್ದೇನು? ಯಾವತ್ತು? ಯಾರ ಹತ್ತಿರ?”

ನಾನು ಕೇಳಿಯೇ ಇರಲಿಲ್ಲ.

1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೇ. ಸುಳ್ಳೆಂದು ಗೊತ್ತಿದ್ದೂ ನಿಜವೆಂದು ಹೇಳುವುದು, ತಿಳಿದ ಸಂಗತಿಯನ್ನು ಬೇಕಂತಲೇ ಬಚ್ಚಿಡುವುದು, ನಡೆಸುವ ಮನಸ್ಸೇ ಇಲ್ಲದೆ ಮಾತು ಕೊಡುವುದು, ಇಂಥವೆಲ್ಲ ವಂಚನೆ. ಎದುರಿನವರನ್ನು ಮೋಸಗೊಳಿಸುವ ಇಲ್ಲವೇ ಕರಾರಿಗೆ ಒಪ್ಪಿಸುವ ಉದ್ದೇಶ ಇರಬೇಕು. ತಾನೂ ನಿಜವೆಂದೇ ನಂಬಿ ತಪ್ಪು ಹೇಳಿದ್ದರೆ ಅದು ವಂಚನೆ ಅಲ್ಲ, ‘ತಪ್ಪು ನಿರೂಪಣೆ’ ಅಂತ 18ನೇ ಸೆಕ್ಷನ್ನಿಗೆ ಹೋಗುತ್ತದೆ. ಬರೀ ಸುಮ್ಮನಿದ್ದರೆ, ಹೇಳಲೇಬೇಕಾದ ಹೊಣೆ ಇಲ್ಲದಿದ್ದಲ್ಲಿ, ಸಾಮಾನ್ಯವಾಗಿ ವಂಚನೆ ಆಗುವುದಿಲ್ಲ. ನಾನು ಬರೆದದ್ದು ‘ಸಾಲದ ವಿಷಯ ತಿಳಿಸಲಿಲ್ಲ’ ಅಂತ ಮಾತ್ರ. ಎದುರಿನ ವಕೀಲರಿಗೆ ನಾನೇ ಬಾಗಿಲು ತೆಗೆದುಕೊಟ್ಟಿದ್ದೆ.

ಆ ಗಂಡ ಹೆಂಡತಿಗೆ ಫೋನ್ ಮಾಡಿದೆ. “ಕೇಳಿದ್ವಲ್ಲ ಸಾರ್, ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಇದೆ” ಅಂದರು ಗಂಡ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, “ನೀವು ಕೇಳಲಿಲ್ಲ.”

ಮಾಲೀಕನ ದನಿ ಸ್ಪಷ್ಟವಾಗಿತ್ತು: “ಬ್ಯಾಂಕು ಗೀಂಕು ಏನೂ ಇಲ್ಲ, ಧೈರ್ಯವಾಗಿ ಬನ್ನಿ.” ಅಗ್ರಿಮೆಂಟಿಗೆ ಎರಡು ದಿನ ಮುಂಚಿನದು. ಅವನು ಸಾಲದ ಪತ್ರಕ್ಕೆ ಸಹಿ ಹಾಕಿ ಆಗಲೇ ಆರು ತಿಂಗಳಾಗಿತ್ತು.

ಹೊಸ ನೋಟಿಸ್ ಒಂದೇ ಪುಟ. ಮೂರು ತಾರೀಖು, ಅವನದೇ ಮಾತು, ಕೊನೆಗೆ ‘ವಂಚನೆ’ ಒಂದೇ ಒಂದು ಸಲ. ದಾವೆಗೂ ಇದೇ ಬೇಕು. ವಂಚನೆ ಆರೋಪಿಸುವವರು ವಿವರ ಕೊಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 4ನೇ ನಿಯಮವೇ ಹೇಳುತ್ತದೆ.

ಮಾಲೀಕನ ಉತ್ತರ ಬಂತು: ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ) ತೆಗೆಸಿ ನೋಡಿದ್ದರೆ ಅವರಿಗೇ ಗೊತ್ತಾಗುತ್ತಿತ್ತು. ನನ್ನ ಎದೆ ಧಸಕ್ಕೆಂದಿತು. ಸೀನಿಯರ್ ಕರಾರು ಕಾಯ್ದೆಯ 19ನೇ ಸೆಕ್ಷನ್ ತೆಗೆದು ತೋರಿಸಿದರು. ಸಾಮಾನ್ಯ ಎಚ್ಚರ ವಹಿಸಿದ್ದರೆ ನಿಜ ತಿಳಿಯುವಂತಿದ್ದರೆ ಕರಾರು ರದ್ದು ಮಾಡಲಾಗದು ಎಂಬ ವಿನಾಯಿತಿ ಅಲ್ಲಿದೆ. “ಆ ವಿನಾಯಿತಿ ಬಾಯಿ ಮುಚ್ಚಿಕೊಂಡಿದ್ದವನಿಗೆ, ಅರಿಯದೆ ತಪ್ಪು ಹೇಳಿದವನಿಗೆ. ಇವನು ಗೊತ್ತಿದ್ದೇ ಸುಳ್ಳು ಹೇಳಿದಾನೆ.”

ದಾವೆ ಈಗ ಸಿಟಿ ಸಿವಿಲ್ ಕೋರ್ಟಿನಲ್ಲಿದೆ. ಆ ಆಡಿಯೊ ಪೆನ್‌ಡ್ರೈವಿನಲ್ಲಿದೆ, ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಸರ್ಟಿಫಿಕೇಟಿನ ಜೊತೆಗೆ.