ಮೂವತ್ತು ಮಹಡಿಯ ನಕ್ಷೆ ಮತ್ತು ಬೆಂಚಿನ ಮೇಲಿನ ಬಿಸಿಲು

ನಗರದ ನಡುಭಾಗದಲ್ಲಿ ಕಟ್ಟಲು ಹೊರಟಿದ್ದ ಒಂದು ಬಹುಮಹಡಿ ವಸತಿ ಕಟ್ಟಡದ ವಿನ್ಯಾಸದ ಬಗ್ಗೆ ಸಾರ್ವಜನಿಕರು ಸಲ್ಲಿಸಿದ ಆಕ್ಷೇಪಣೆಗಳನ್ನೂ ಸಲಹೆಗಳನ್ನೂ ಓದಿ, ವಿಂಗಡಿಸಿ, ಅವಕ್ಕೆ ಉತ್ತರ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ವಾಸ್ತುಶಿಲ್ಪ ಕಚೇರಿಗೆ ಸೇರಿ ಮೂರು ವರ್ಷವಾಗಿತ್ತು. ಅಲ್ಲಿಯವರೆಗೆ ನನ್ನ ಕೆಲಸವೆಲ್ಲ ಮಹಡಿ ನಕ್ಷೆ, ಮೆಟ್ಟಿಲು, ಲಿಫ್ಟು ಮತ್ತು ಶೌಚಾಲಯದ ಕೊಳವೆಗಳಿಗೆ ಸೀಮಿತವಾಗಿತ್ತು. ಜನರ ಕೈಬರಹದ ಕಾಗದಗಳನ್ನು ಓದುವುದು ಅಷ್ಟೇನೂ ಮುಖ್ಯವಲ್ಲದ, ಒಂದು ವಾರದಲ್ಲಿ ಮುಗಿಸಿಬಿಡಬಹುದಾದ ಕೆಲಸವೆಂದು ನಾನು ಭಾವಿಸಿದ್ದೆ. ಅದಕ್ಕೆ ಏಳು ವಾರ ಹಿಡಿಯಿತು, ಮತ್ತು ನಾನು ಇಂದಿಗೂ ನಕ್ಷೆ ಬರೆಯುವ ಕ್ರಮ ಆ ಏಳು ವಾರಗಳಲ್ಲಿ ಬದಲಾಯಿತು.

ಕಟ್ಟಡದ ಮೊದಲ ರೂಪವನ್ನು ಹೇಳಿಬಿಡುತ್ತೇನೆ. ಮೂವತ್ತು ಮಹಡಿ, ಸುಮಾರು ನೂರು ಮೀಟರ್ ಎತ್ತರ, ಐವತ್ತೆರಡು ಮೀಟರ್ ಉದ್ದ, ಇಪ್ಪತ್ತೆರಡು ಮೀಟರ್ ಅಗಲ. ಉದ್ದನೆಯ ಮುಖ ಪೂರ್ವಕ್ಕೆ, ಅಲ್ಲಿದ್ದ ಒಂದು ಚಿಕ್ಕ ಸಾರ್ವಜನಿಕ ಚೌಕದ ಕಡೆಗೆ. ಕೆಳಗಿನ ಮೂರು ಮಹಡಿಗಳಲ್ಲಿ ವಾಹನ ನಿಲುಗಡೆ, ಅದರ ಹೊರಗೆ ರಂಧ್ರಗಳಿರುವ ಲೋಹದ ಪರದೆ, ಅದರ ಮೇಲೆ ನೇರವಾಗಿ ಏರುವ, ಒಂದೇ ಅಳತೆಯ ಬಾಲ್ಕನಿಗಳ ಸಾಲು. ಪ್ರದರ್ಶನಕ್ಕಿಟ್ಟ ಚಿತ್ರಗಳು ಚೆನ್ನಾಗಿದ್ದವು. ಎಲ್ಲವೂ ಮೇಲಿನಿಂದ, ಹಾರುವ ಹಕ್ಕಿಯ ಕಣ್ಣಿಗೆ ಕಾಣುವಂತೆ ಬಿಡಿಸಿದ ಚಿತ್ರಗಳಾಗಿದ್ದವು.

ಕಾಗದಗಳು ನೂರಾರು ಬಂದವು. ನಾನು ಎಕ್ಸೆಲ್ ಹಾಳೆಯಲ್ಲಿ ಕಾಲಂಗಳನ್ನು ಮಾಡಿಕೊಂಡೆ: ಪರ, ವಿರೋಧ, ಎತ್ತರ, ಸೌಂದರ್ಯ, ಸಂಚಾರ, ಇತರೆ. ಪ್ರತಿ ಕಾಗದವನ್ನೂ ಒಂದು ಕಾಲಮಿಗೆ ಹಾಕಿ ಮುಂದಿನದಕ್ಕೆ ಹೋಗುತ್ತಿದ್ದೆ. "ತೀರಾ ಎತ್ತರವಾಯಿತು" ಎಂಬ ಮಾತು ಎಲ್ಲಕ್ಕಿಂತ ಹೆಚ್ಚು ಸಲ ಬಂದಿತ್ತು. ಅದರ ನಂತರದ ಸ್ಥಾನ "ಕಡತಗಳ ಬೀರು ನಿಲ್ಲಿಸಿದಂತಿದೆ" ಎಂಬ ಹೋಲಿಕೆಗೆ. ಅದನ್ನು ಮೊದಲು ಯಾರು ಹೇಳಿದರೋ ತಿಳಿಯದು, ಆದರೆ ಎರಡನೆಯ ವಾರದ ಹೊತ್ತಿಗೆ ಹತ್ತಾರು ಕಾಗದಗಳಲ್ಲಿ ಅದೇ ಮಾತಿತ್ತು. ಎತ್ತರದ ದೂರುಗಳಿಗೆ, ನಗರದ ಯಾವ ಭಾಗದಲ್ಲಿ ಎಂಥ ಕಟ್ಟಡ ಕಟ್ಟಬಹುದೆಂದು ಹೇಳುವ ವಲಯ ನಿಯಮ ಇದನ್ನು ಅನುಮತಿಸುತ್ತದೆ ಎಂಬ ಒಂದೇ ಉತ್ತರ ಸಾಕು, ಸೌಂದರ್ಯದ ದೂರುಗಳು ಅವರವರ ಅಭಿರುಚಿಗೆ ಬಿಟ್ಟದ್ದು ಎಂದು ನನ್ನ ಕರಡಿನಲ್ಲಿ ಬರೆದಿದ್ದೆ. ಉಳಿದವಕ್ಕೆ "ತಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ" ಎಂಬ ಸಿದ್ಧವಾಕ್ಯವಿತ್ತು.

ನನ್ನ ಕರಡನ್ನು ಓದಿದ ಹಿರಿಯ ವಾಸ್ತುಶಿಲ್ಪಿಯವರು ಒಂದು ಕಾಗದವನ್ನು ಮಾತ್ರ ಎತ್ತಿ ನನ್ನ ಕೈಗೆ ಕೊಟ್ಟು, "ಇದನ್ನು ಎತ್ತರದ ಕಾಲಮಿನಲ್ಲಿ ಏಕೆ ಹಾಕಿದ್ದೀರಿ?" ಎಂದು ಕೇಳಿದರು. ಗೆರೆಯೆಳೆದ ಹಾಳೆಯ ಒಂದು ಬದಿಯಲ್ಲಿ ನೀಲಿ ಶಾಯಿಯಲ್ಲಿ ಬರೆದ ಪತ್ರವದು. ಬರೆದಾಕೆ ಪ್ರತಿದಿನ ಮಧ್ಯಾಹ್ನ ಮೂರು ಗಂಟೆಗೆ ತನ್ನ ತಾಯಿಯನ್ನು ಗಾಲಿಕುರ್ಚಿಯಲ್ಲಿ ಆ ಚೌಕಕ್ಕೆ ಕರೆತಂದು, ಕಾರಂಜಿಯ ಪಕ್ಕದ ಎರಡನೆಯ ಬೆಂಚಿನ ಬಳಿ ಒಂದು ಗಂಟೆ ಬಿಸಿಲಿಗೆ ಕೂರಿಸುತ್ತಾರೆ. ಚಳಿಗಾಲ ಮುಗಿದ ಮೇಲೆ ತಾಯಿ ಮನೆಯಿಂದ ಹೊರಬರುವ ಹೊತ್ತು ಅದೊಂದೇ. "ಇಷ್ಟು ಎತ್ತರದ ಕಟ್ಟಡ ಬಂದರೆ ಆ ಬಿಸಿಲು ಇರುತ್ತದೆಯೇ, ಇರುವುದಿಲ್ಲವೇ, ದಯವಿಟ್ಟು ತಿಳಿಸಿ" ಎಂಬುದು ಪತ್ರದ ಕೊನೆಯ ಸಾಲು. ನಾನು ಅದರಲ್ಲಿ 'ಎತ್ತರ' ಎಂಬ ಪದವನ್ನು ಮಾತ್ರ ನೋಡಿದ್ದೆ. ಅದು ವಿರೋಧವೇ ಆಗಿರಲಿಲ್ಲ, ಒಂದು ಪ್ರಶ್ನೆಯಾಗಿತ್ತು, ಮತ್ತು ಅದಕ್ಕೆ ಲೆಕ್ಕ ಹಾಕಿ ಉತ್ತರ ಕೊಡಲು ಸಾಧ್ಯವಿತ್ತು.

ಮರುದಿನ ಮಧ್ಯಾಹ್ನ ಮೂರಕ್ಕೆ ನಾನು ಆ ಬೆಂಚಿನ ಬಳಿ ಹೋಗಿ ನಿಂತೆ. ನಿವೇಶನದ ಅಂಚಿನಿಂದ ಅದಕ್ಕೆ ಎಂಬತ್ತು ಮೀಟರ್ ದೂರ. ನೂರು ಮೀಟರ್ ಎತ್ತರದ ಕಟ್ಟಡದ ನೆರಳು, ಸೂರ್ಯ ದಿಗಂತದಿಂದ 45 ಡಿಗ್ರಿ ಮೇಲಿದ್ದಾಗ ನೂರು ಮೀಟರ್ ಚಾಚುತ್ತದೆ, 30 ಡಿಗ್ರಿಗೆ ಇಳಿದಾಗ ಸುಮಾರು 173 ಮೀಟರ್ ಚಾಚುತ್ತದೆ. ಆದ್ದರಿಂದ ನೆರಳು ಬೆಂಚನ್ನು ಮುಟ್ಟುವುದು ಖಚಿತವಾಗಿತ್ತು. ಮುಟ್ಟಿದ ನೆರಳು ಎಷ್ಟು ಹೊತ್ತು ಅಲ್ಲಿ ನಿಲ್ಲುತ್ತದೆ ಎಂಬುದು ಮಾತ್ರ ಎತ್ತರವನ್ನು ಅವಲಂಬಿಸಿರಲಿಲ್ಲ, ಅದು ಚೌಕದ ಕಡೆಗಿನ ಮುಖ ಎಷ್ಟು ಅಗಲವಿದೆ ಎಂಬುದನ್ನು ಅವಲಂಬಿಸಿತ್ತು. ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗುವುದರಿಂದ ತೆಳ್ಳನೆಯ ಗೋಪುರದ ನೆರಳು ಗಡಿಯಾರದ ಮುಳ್ಳಿನಂತೆ ದಾಟಿ ಹೋಗುತ್ತದೆ. ಐವತ್ತೆರಡು ಮೀಟರ್ ಉದ್ದದ ಗೋಡೆಯ ನೆರಳು ಅಷ್ಟು ಬೇಗ ಸರಿಯುವುದಿಲ್ಲ. ನಮ್ಮ ಕಟ್ಟಡದ ನೆರಳು ಆ ಬೆಂಚಿನ ಮೇಲೆ ಎರಡು ಗಂಟೆಗೂ ಹೆಚ್ಚು ಕಾಲ ನಿಲ್ಲುತ್ತಿತ್ತು.

ಜನ ಎತ್ತರ ಎಂದದ್ದು ಬಹುಪಾಲು ಇದನ್ನೇ. ಅದೇ ಕಾಗದಗಳನ್ನು ಮತ್ತೆ ಓದಿದಾಗ ಆ ಒಂದು ಪದದ ಒಳಗೆ ನೆರಳು, ಗಾಳಿ, ಮರೆಯಾಗುವ ಆಕಾಶ, ತಮ್ಮ ಕಿಟಕಿಯೊಳಗೆ ಬೀಳುವ ಅಪರಿಚಿತರ ನೋಟ, ರಸ್ತೆಯಲ್ಲಿ ಹೆಚ್ಚುವ ವಾಹನಗಳು, ಹೆಚ್ಚಬಹುದಾದ ಬಾಡಿಗೆಯ ಭಯ ಎಲ್ಲವೂ ಇದ್ದವು. ಕಟ್ಟಡ ವಿನ್ಯಾಸ ಕಲಿಯದವರಿಗೆ ಇವೆಲ್ಲಕ್ಕೂ ಸುಲಭವಾಗಿ ಸಿಗುವ ಪದ 'ಎತ್ತರ'. ಅದನ್ನು ಬಿಡಿಸಿ ನೋಡುವುದು ಓದುವವನ ಕೆಲಸವೇ ಹೊರತು ಬರೆದವರ ಕೆಲಸವಲ್ಲ.

ನೆರಳಿನ ದೂರು ನಗರಗಳ ಇತಿಹಾಸದಲ್ಲಿ ಹೊಸತೇನಲ್ಲ. ನ್ಯೂಯಾರ್ಕಿನಲ್ಲಿ 1915ರಲ್ಲಿ ಪೂರ್ಣಗೊಂಡ ಈಕ್ವಿಟಬಲ್ ಕಟ್ಟಡ ತನ್ನ ನಿವೇಶನದ ಅಂಚಿನಿಂದಲೇ ಎಲ್ಲೂ ಹಿಂದೆ ಸರಿಯದೆ ಮೂವತ್ತೆಂಟು ಮಹಡಿ ಏರಿ, ಸುಮಾರು ಏಳು ಎಕರೆಯ ಮೇಲೆ ನೆರಳು ಚೆಲ್ಲಿತು ಎಂಬ ಕೂಗು ಎದ್ದಿತ್ತು. ಮರುವರ್ಷ, 1916ರಲ್ಲಿ, ಆ ನಗರ ತಂದ ವಲಯ ನಿಯಮದ ಹಿಂದೆ ಆ ಕೂಗೂ ಇತ್ತು. ಮೇಲಕ್ಕೇರಿದಂತೆ ಕಟ್ಟಡ ಹಿಂದೆ ಸರಿಯಬೇಕು ಎಂದು ಅದು ವಿಧಿಸಿತು. ಪ್ಯಾರಿಸ್ಸಿನಲ್ಲಿ 1973ರಲ್ಲಿ ತೆರೆದ ಮೊಂಪಾರ್ನಾಸ್ ಗೋಪುರದ ಬಗೆಗಿನ ಅಸಮಾಧಾನ 1977ರಲ್ಲಿ ನಗರದ ಕಟ್ಟಡಗಳಿಗೆ 37 ಮೀಟರಿನ ಎತ್ತರದ ಮಿತಿಯನ್ನು ತಂದಿತು. ಈ ಎರಡರಲ್ಲಿ ಮೊದಲನೆಯದು ಹೆಚ್ಚು ಸೂಕ್ಷ್ಮವಾದ ಉತ್ತರವೆಂದು ನನ್ನ ಅಭಿಪ್ರಾಯ. ಅದು ಜನರ ದೂರಿನ ಕಾರಣವನ್ನು ಹುಡುಕಿ ಕಟ್ಟಡದ ಆಕಾರವನ್ನು ಬದಲಿಸಿತು. ಎರಡನೆಯದು ಎತ್ತರ ಎಂಬ ಪದವನ್ನು ಇದ್ದಂತೆಯೇ ನಿಯಮವಾಗಿಸಿತು.

ಸಭಾಂಗಣದಲ್ಲಿ ನಡೆದ ಸಾರ್ವಜನಿಕ ಸಭೆಯ ಒಂದು ನೋಟ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮೇಜಿನ ಮೇಲೆ ಬಿಳಿ ಕಾಗದದ ರಟ್ಟಿನಿಂದ ಮಾಡಿದ ಮಾದರಿಯನ್ನು ಇಟ್ಟಿದ್ದೆವು. ಕಚೇರಿಯವರಾದ ನಾವೆಲ್ಲ ಅದರ ಸುತ್ತ ನಿಂತು ಮೇಲಿನಿಂದ ನೋಡುತ್ತಿದ್ದರೆ, ಬಂದವರು ಒಬ್ಬರ ನಂತರ ಒಬ್ಬರು ಮೊಣಕಾಲೂರಿ, ಕೆನ್ನೆಯನ್ನು ಮೇಜಿನ ಅಂಚಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ರಸ್ತೆಯ ಮಟ್ಟದಿಂದ ನೋಡುತ್ತಿದ್ದರು. ಹಿರಿಯರೊಬ್ಬರು ಹಾಗೆ ನೋಡಿ ಎದ್ದು, ಬೆರಳಿನಿಂದ ಲೋಹದ ಪರದೆಯ ಉದ್ದಕ್ಕೂ ಸವರಿ, "ಇಲ್ಲಿ ಬಾಗಿಲು ಎಲ್ಲಿದೆ ಸ್ವಾಮಿ?" ಎಂದು ಕೇಳಿದರು. ಐವತ್ತೆರಡು ಮೀಟರಿನಲ್ಲಿ ಒಂದೇ ಒಂದು ಬಾಗಿಲಿತ್ತು, ಅದೂ ಮೂಲೆಯಲ್ಲಿ. ಕತ್ತಲಾದ ಮೇಲೆ ತಮ್ಮ ಸೊಸೆ ಕೆಲಸ ಮುಗಿಸಿ ಆ ಗೋಡೆಯ ಪಕ್ಕದಲ್ಲೇ ನಡೆದುಬರಬೇಕು, ಒಂದು ಬೆಳಕಿನ ಕಿಟಕಿಯೂ ಇಲ್ಲವಲ್ಲ ಎಂದು ಅವರು ಮೆಲ್ಲಗೆ ಹೇಳಿದರು.

'ಕಡತಗಳ ಬೀರು' ಎಂಬ ಹೋಲಿಕೆ ನನಗೆ ಅರ್ಥವಾದದ್ದು ಆಗ. ಅದು ಅಭಿರುಚಿಯ ಮಾತಾಗಿರಲಿಲ್ಲ. ಎಳೆಯುವ ಖಾನೆಗಳಿರುವ ಅಂಥ ಬೀರುವಿಗೆ ಬುಡವಿರುತ್ತದೆ, ಆದರೆ ಬಾಗಿಲಿರುವುದಿಲ್ಲ. ಅದರ ಖಾನೆಗಳು ಒಂದೇ ಅಳತೆಯವು, ಯಾವುದು ಯಾರದು ಎಂದು ಹೊರಗಿನಿಂದ ತಿಳಿಯುವುದಿಲ್ಲ. ನಮ್ಮ ಕಟ್ಟಡವೂ ಹಾಗೆಯೇ ಇತ್ತು. ನೆಲದ ಮಟ್ಟದಲ್ಲಿ ಮನುಷ್ಯರಿಲ್ಲ, ಮೇಲೆ ನೋಡಿದರೆ ತನ್ನ ಮನೆ ಯಾವುದೆಂದು ಮಗು ಬೆರಳು ಮಾಡಿ ತೋರಿಸುವಂತಿಲ್ಲ. ಜನ ಅಡ್ಡಹೆಸರು ಇಟ್ಟಾಗ ನಮ್ಮ ವೃತ್ತಿಯವರಿಗೆ ನೋವಾಗುವುದು ಸಹಜ, ಆದರೆ ಅಡ್ಡಹೆಸರೆಲ್ಲ ನಿಂದೆಯಲ್ಲ. ಕೆನಡಾದ ಮಿಸ್ಸಿಸಾಗದಲ್ಲಿ ಬಳುಕಿದಂತೆ ಏರುವ ಆಬ್ಸಲ್ಯೂಟ್ ಗೋಪುರಗಳನ್ನು ಅಲ್ಲಿಯವರು ಮರ್ಲಿನ್ ಮನ್ರೋ ಎಂದು ಅಕ್ಕರೆಯಿಂದಲೇ ಕರೆಯುತ್ತಾರೆ. ಯಾವ ವಸ್ತುವಿಗೆ ಹೋಲಿಸಿದರು, ಆ ವಸ್ತುವಿನ ಯಾವ ಗುಣ ಕಟ್ಟಡದಲ್ಲಿ ಕಂಡಿತು ಎಂದು ಕೇಳಿಕೊಂಡರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಗಾಳಿಯ ವಿಷಯ ನಾನು 'ಇತರೆ' ಕಾಲಮಿನಲ್ಲಿ ಹಾಕಿದ್ದ ಮೂರು ಕಾಗದಗಳಲ್ಲಿತ್ತು. ವಾಯವ್ಯ ಮೂಲೆಯಲ್ಲಿ ಶಾಲೆಯ ಮಕ್ಕಳು ಬಸ್ಸಿಗೆ ಕಾಯುತ್ತಾರೆ, ಈಗಲೇ ಅಲ್ಲಿ ಗಾಳಿ ಜೋರು ಎಂದು ಅವನ್ನು ಬರೆದವರು ತಿಳಿಸಿದ್ದರು. ಅಗಲವಾದ ಮುಖಕ್ಕೆ ಬಡಿದ ಗಾಳಿಯ ಒಂದು ಪಾಲು ಗೋಡೆಯ ಗುಂಟ ಕೆಳಕ್ಕೆ ಹರಿದು, ಮೂಲೆಗಳಲ್ಲಿ ವೇಗ ಪಡೆದು, ಕಾಲ್ದಾರಿಯ ಮೇಲೆ ನುಗ್ಗುತ್ತದೆ. ಇಂಗ್ಲೆಂಡಿನ ಲೀಡ್ಸ್ ನಗರದ ಬ್ರಿಡ್ಜ್‌ವಾಟರ್ ಪ್ಲೇಸ್ ಕಟ್ಟಡದ ಬಳಿ 2011ರಲ್ಲಿ ಇಂಥ ಗಾಳಿಗೆ ಲಾರಿಯೊಂದು ಮಗುಚಿ ದಾರಿಹೋಕರೊಬ್ಬರು ಸತ್ತರು, ಅನಂತರ ಅಲ್ಲಿ ಗಾಳಿ ತಡೆಯುವ ಬೃಹತ್ ಹಲಗೆಗಳನ್ನು ನಿಲ್ಲಿಸಬೇಕಾಯಿತು. ನಮ್ಮ ಮಾದರಿಯನ್ನು ಗಾಳಿ ಸುರಂಗದಲ್ಲಿ ಪರೀಕ್ಷಿಸಿದಾಗ ಆ ಕಾಗದಗಳಲ್ಲಿ ಹೇಳಿದ ಮೂಲೆಯೇ ಜೋರು ಗಾಳಿಯ ಗುರುತಾಗಿ ಕೆಂಪಾಗಿ ಕಂಡಿತು. ನೆಲದ ಮಟ್ಟದ ಗಾಳಿ ಜನರಿಗೆ ಹಿತವೇ ಎಂದು ಅಳೆಯಲು ಬಳಕೆಯಲ್ಲಿರುವ ಲಾಸನ್ ಮಾನದಂಡದ ಪ್ರಕಾರ ಕುಳಿತುಕೊಳ್ಳುವ ಜಾಗದಲ್ಲಿ ಗಾಳಿಯ ವೇಗ ಸೆಕೆಂಡಿಗೆ 4 ಮೀಟರನ್ನೂ, ನಿಂತು ಕಾಯುವ ಜಾಗದಲ್ಲಿ 6 ಮೀಟರನ್ನೂ ನೂರರಲ್ಲಿ ಐದು ಪಾಲಿಗಿಂತ ಹೆಚ್ಚು ಹೊತ್ತು ಮೀರಬಾರದು. ಆ ಮೂಲೆ ಚುರುಕಾಗಿ ನಡೆದು ದಾಟುವವರಿಗೆ ಮಾತ್ರ ತಕ್ಕದಾಗಿತ್ತು. ಉಪಕರಣವಿಲ್ಲದೆ, ಪ್ರತಿದಿನ ಅಲ್ಲಿ ನಿಂತ ಅನುಭವದಿಂದಲೇ ಮೂವರು ಇದನ್ನು ನಮಗಿಂತ ಮೊದಲು ಬರೆದುಕೊಟ್ಟಿದ್ದರು.

ಅಲ್ಲಿಂದ ವಿನ್ಯಾಸ ಬದಲಾಯಿತು, ಮತ್ತು ನಿಜವಾದ ಕಷ್ಟ ಶುರುವಾಯಿತು. ಮನೆಗಳ ಸಂಖ್ಯೆ ಇಳಿಸದೆ ನೆರಳಿನ ಹೊತ್ತನ್ನು ಕಡಿಮೆ ಮಾಡಬೇಕಾದರೆ ಕಟ್ಟಡ ತೆಳ್ಳಗಾಗಬೇಕು, ತೆಳ್ಳಗಾದರೆ ಇನ್ನೂ ಎತ್ತರವಾಗಬೇಕು. ಟೊರೊಂಟೊ ನಗರವು ಎತ್ತರದ ಕಟ್ಟಡಗಳಿಗೆ 2013ರಲ್ಲಿ ತಂದ ಮಾರ್ಗಸೂಚಿ ಗೋಪುರದ ಒಂದು ಮಹಡಿ 750 ಚದರ ಮೀಟರ್ ಮೀರಬಾರದು, ಎರಡು ಗೋಪುರಗಳ ನಡುವೆ 25 ಮೀಟರ್ ಅಂತರವಿರಬೇಕು ಎಂದಿತು. ವ್ಯಾಂಕೂವರಿನಲ್ಲಿ ತಗ್ಗಾದ ಅಗಲ ಬುಡದ ಮೇಲೆ ತೆಳ್ಳನೆಯ ಗೋಪುರ ನಿಲ್ಲಿಸುವ ಪದ್ಧತಿ ಬೇರೂರಿದೆ. ನಾವೂ ಅದೇ ದಾರಿ ಹಿಡಿದೆವು: ನಾಲ್ಕು ಮಹಡಿಯ ಬುಡ, ಅದರ ಮೇಲೆ ಹಿಂದಕ್ಕೆ ಸರಿದು ನಿಂತ ಮೂವತ್ತೈದು ಮಹಡಿಯ ಗೋಪುರ, ಚೌಕದ ಕಡೆಗೆ ಇಪ್ಪತ್ತೈದೇ ಮೀಟರ್ ಮುಖ. ವಾಹನಗಳು ನೆಲದಡಿಗೆ ಹೋದವು, ಬೀದಿಯ ಕಡೆಗೆ ಬಾಗಿಲಿರುವ ಮನೆಗಳೂ ಅಂಗಡಿಗಳೂ ಬಂದವು. ಮೇಲಿನಿಂದ ಇಳಿಯುವ ಗಾಳಿಯನ್ನು ಬುಡದ ತಾರಸಿ ತಡೆಯುತ್ತದೆ.

ಎತ್ತರ ಹೆಚ್ಚಾಯಿತು ಎಂದು ದೂರಿದ ಜನರ ಮುಂದೆ ಮೂವತ್ತರ ಬದಲು ಮೂವತ್ತೊಂಬತ್ತು ಮಹಡಿಯ ನಕ್ಷೆಯನ್ನು ಇಡುವುದು ಹೇಗೆ? ಕಚೇರಿಯಲ್ಲಿ ಕೆಲವರು ಮಹಡಿಗಳ ಸಂಖ್ಯೆಯನ್ನು ಹಲಗೆಯ ಕೆಳಮೂಲೆಯಲ್ಲಿ ಸಣ್ಣದಾಗಿ ಬರೆಯೋಣ ಎಂದರು. ಹಿರಿಯ ವಾಸ್ತುಶಿಲ್ಪಿಯವರು ಒಪ್ಪಲಿಲ್ಲ, ಅದನ್ನೇ ಮೊದಲ ಸಾಲಿನಲ್ಲಿ ಬರೆಸಿದರು. ಎರಡನೆಯ ಪ್ರದರ್ಶನದಲ್ಲಿ ಒಂದೂ ಹಕ್ಕಿನೋಟದ ಚಿತ್ರವಿರಲಿಲ್ಲ. ಪತ್ರಗಳಲ್ಲಿ ಹೆಸರಿಸಿದ್ದ ಜಾಗಗಳಲ್ಲಿ, ನಿಂತವರ ಕಣ್ಣಿನ ಎತ್ತರದಲ್ಲಿ ಹನ್ನೊಂದು ಚಿತ್ರಗಳನ್ನು ಬಿಡಿಸಿದ್ದೆವು, ಅವುಗಳಲ್ಲಿ ಒಂದು ಕಾರಂಜಿಯ ಪಕ್ಕದ ಎರಡನೆಯ ಬೆಂಚಿನಿಂದ. ಅದರ ಕೆಳಗೆ ಹಳೆಯ ಮತ್ತು ಹೊಸ ವಿನ್ಯಾಸಗಳ ನೆರಳು ಅರ್ಧ ಗಂಟೆಗೊಮ್ಮೆ ಎಲ್ಲಿರುತ್ತದೆ ಎಂಬ ಪಟ್ಟಿಯಿತ್ತು. ಎರಡು ಗಂಟೆಗೂ ಹೆಚ್ಚು ನಿಲ್ಲುತ್ತಿದ್ದ ನೆರಳು ಒಂದು ಗಂಟೆ ಚಿಲ್ಲರೆಗೆ ಇಳಿದಿತ್ತು. ಆದರೂ ಮೂರರಿಂದ ನಾಲ್ಕರ ನಡುವಿನ ಅರ್ಧ ಭಾಗ ಹೋಗುತ್ತದೆ ಎಂದು ಆ ಮಗಳಿಗೆ ನಾನು ಬರೆದು ತಿಳಿಸಿದೆ, ಮತ್ತು ಚೌಕದ ದಕ್ಷಿಣ ಅಂಚಿನಲ್ಲಿ ಆ ಹೊತ್ತು ಪೂರ್ತಿ ಬಿಸಿಲಿರುವ ಜಾಗವನ್ನು ಗುರುತಿಸಿದ ನಕ್ಷೆಯನ್ನೂ ಇಟ್ಟೆ. ಉರಿಬಿಸಿಲಿನ ಊರಿನಲ್ಲಾದರೆ ಇದೇ ನೆರಳನ್ನು ಜನ ಬೇಡಿ ಪಡೆಯುತ್ತಿದ್ದರೇನೋ. ಅಲ್ಲಿಯವರನ್ನು ಕೇಳದೆ ಯಾವುದು ಒಳ್ಳೆಯದೆಂದು ಕಚೇರಿಯಲ್ಲಿ ಕುಳಿತು ತೀರ್ಮಾನಿಸಲಾಗದು.

ಬಂದ ಆಕ್ಷೇಪಣೆಗಳೆಲ್ಲ ನ್ಯಾಯವಾದವು ಎಂದು ನಾನು ಹೇಳಲಾರೆ. ಬಾಡಿಗೆದಾರರು ಬಂದರೆ ಬಡಾವಣೆ ಕೆಡುತ್ತದೆ ಎಂದು ಬರೆದವರಿದ್ದರು. ಆ ಮಾತಿಗೆ ವಿನ್ಯಾಸದಲ್ಲಿ ಉತ್ತರವಿಲ್ಲ, ಇರಲೂಬಾರದು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು 'ಪರ' ಕಾಲಮಿನಲ್ಲಿದ್ದ ಎರಡೇ ಸಾಲಿನ ಒಂದು ಪತ್ರ. ರಾತ್ರಿ ಪಾಳಿಯಲ್ಲಿ ದುಡಿಯುವ ದಾದಿಯೊಬ್ಬರು ತಾನು ಕೆಲಸಕ್ಕೆ ಬರಲು ಒಂದೂವರೆ ಗಂಟೆ ಪ್ರಯಾಣಿಸುತ್ತೇನೆ, ಬೇಗ ಕಟ್ಟಿರಿ ಎಂದಷ್ಟೇ ಬರೆದಿದ್ದರು. ಆ ಕಟ್ಟಡದಲ್ಲಿ ಮುಂದೆ ವಾಸಿಸುವ ನೂರಾರು ಜನ ಸಭಾಂಗಣಕ್ಕೆ ಬರಲಾರರು, ಏಕೆಂದರೆ ಅವರು ಯಾರೆಂದು ಇನ್ನೂ ಯಾರಿಗೂ, ಅವರಿಗೂ ತಿಳಿದಿರುವುದಿಲ್ಲ. ಎದುರಿಗೆ ಕುಳಿತವರ ಎಣಿಕೆಯನ್ನೇ ಜನಾಭಿಪ್ರಾಯವೆಂದು ಒಪ್ಪಿಸಿದರೆ ಈ ದಾದಿಯಂಥವರು ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಅಂದಿನಿಂದ ನನ್ನ ವರದಿಗಳಲ್ಲಿ ಪರ ಎಷ್ಟು, ವಿರೋಧ ಎಷ್ಟು ಎಂಬ ಮೊತ್ತವನ್ನು ಮೊದಲ ಪುಟದಲ್ಲಿ ಹಾಕುವುದನ್ನು ನಿಲ್ಲಿಸಿದ್ದೇನೆ. ಅದರ ಬದಲು ಯಾವ ಜಾಗದ ಬಗ್ಗೆ, ಯಾವ ಹೊತ್ತಿನ ಬಗ್ಗೆ ಬರೆದಿದ್ದಾರೆ ಎಂದು ನಿವೇಶನದ ನಕ್ಷೆಯ ಮೇಲೇ ಗುರುತು ಹಾಕುತ್ತೇನೆ.

ಎರಡನೆಯ ನಕ್ಷೆಗೆ ಮಂಜೂರಾತಿ ಸಿಕ್ಕಿತು. ಸಭೆಯಲ್ಲಿ ಬಾಗಿಲು ಕೇಳಿದ ಹಿರಿಯರಿಗೆ ಬೀದಿಯುದ್ದಕ್ಕೂ ಒಂಬತ್ತು ಬಾಗಿಲುಗಳಿರುವ ಎಲಿವೇಷನ್ ಹಾಳೆಯನ್ನು, ಅಂದರೆ ಕಟ್ಟಡದ ಮುಖವನ್ನು ಎದುರಿನಿಂದ ತೋರಿಸುವ ನಕ್ಷೆಯನ್ನು, ಕಳುಹಿಸಿದೆವು. ಒಂದು ದೂರು ಮಾತ್ರ ಪರಿಹಾರವಾಗದೆ ಉಳಿಯಿತು. ವಾಹನಗಳು ನೆಲದಡಿಗೆ ಇಳಿಯುವ ದಾರಿಯನ್ನು ಬದಿಯ ಕಿರುರಸ್ತೆಗೆ ತೆರೆಯಬೇಕಾಯಿತು, ಅಲ್ಲಿನ ನಾಲ್ಕು ಮನೆಯವರು ಬೆಳಗಿನ ಹೊತ್ತು ಮಕ್ಕಳು ಅದೇ ದಾರಿಯಲ್ಲಿ ನಡೆದುಹೋಗುತ್ತಾರೆಂದು ಎರಡು ಸಲ ಬರೆದರು. ಇಳಿಜಾರಿನ ಅಳತೆಯಿಂದಾಗಿ ಬೇರೆಲ್ಲೂ ಅದಕ್ಕೆ ಜಾಗ ಸಾಲುತ್ತಿರಲಿಲ್ಲ. ಕಾಲ್ದಾರಿಯನ್ನು ರಸ್ತೆಯ ಮಟ್ಟಕ್ಕೆ ಇಳಿಸದೆ ಮುಂದುವರಿಸಿ, ವಾಹನವೇ ಅದನ್ನು ಏರಿ ದಾಟುವಂತೆ ಮಾಡಿ, ಎರಡೂ ಬದಿಯ ಗೋಡೆಯನ್ನು ಎರಡು ಮೀಟರ್ ಕತ್ತರಿಸಿ ಚಾಲಕರಿಗೆ ಮಕ್ಕಳು ಕಾಣುವಂತೆ ಮಾಡಿದೆವು. ಕಟ್ಟಡದಲ್ಲಿ ಜನ ವಾಸಕ್ಕೆ ಬಂದ ಮೇಲೆ ನಾನು ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ಆ ಗೇಟಿನ ಬಳಿ ನಾಲ್ಕು ದಿನ ನಿಂತು ನೋಡಿದ್ದೇನೆ. ಹೆಚ್ಚಿನವರು ಕಾಲ್ದಾರಿಯ ಮುಂದೆ ವಾಹನ ನಿಲ್ಲಿಸುತ್ತಾರೆ, ಕೆಲವರು ನಿಲ್ಲಿಸುವುದಿಲ್ಲ.